ಇಸ್ಮತ್‌ಗಾಗಿ ಕೊಂಡ ಸ್ಪೀಕರುಗಳು

೧೪ ಮೇ ೨೦೦೯, ಗುರುವಾರ

ಈ ನೋಟುಬುಕ್ಕು ನಾನು ರೆಕಾರ್ಡಿಂಗ್ ಸ್ಟುಡಿಯೋದ ಕೆಲಸದಲ್ಲಿದ್ದಾಗಿನದು. ಮೊದಲ ಎಂಟು ಪುಟಗಳಲ್ಲಿ ಮೈಕು ಎಲ್ಲಿಟ್ಟೆ, ಪಿಟೀಲಿನವರನ್ನು ಎಷ್ಟು ದೂರ ಕೂರಿಸಿದೆ ಎಂಬುದೆಲ್ಲ ಇದೆ. ಒಂಬತ್ತನೆಯ ಪುಟದಿಂದ ನನ್ನ ಹೆಂಡತಿ ಇಸ್ಮತ್‌ಳ ಕಿವಿಯ ವಿಷಯ ಬರೆಯಬೇಕಾಗಿ ಬಂದಿದೆ. ಬರೆಯದಿದ್ದರೆ ಯಾರ ಹತ್ತಿರವಾದರೂ ಬಾಯಿಬಿಡುತ್ತೇನೆ. ಬಿಟ್ಟರೆ ಅದು ಅವಳಿಗೆ ತಲುಪುತ್ತದೆ.

ಡಾಕ್ಟರು ಅವಳನ್ನು ನೋಡದೆ ನನ್ನನ್ನೇ ನೋಡಿಕೊಂಡು ಮಾತಾಡಿದರು. ಎರಡೂ ಕಿವಿಯ ನರ ಸಾಯುತ್ತಿದೆಯಂತೆ. ತೆಳುವಾದ ಮೇಲಿನ ಸ್ವರಗಳು ಆಗಲೇ ಹೋಗಿವೆ: ಬಾಗಿಲ ಗಂಟೆ, ಗುಬ್ಬಿ, ಮಾತಿನ ನಡುವಿನ ಸಕಾರಗಳು. ದಪ್ಪ ಸ್ವರಗಳು ಉಳಿದಿವೆ. ಅವೂ ಹೋಗುತ್ತವೆ. ಎಷ್ಟು ದಿನ ಎಂದು ಕೇಳಿದೆ. ವರ್ಷದೊಳಗೆ, ಇನ್ನೂ ಬೇಗ ಆದರೂ ಆಗಬಹುದು ಎಂದರು. ಮಾತ್ರೆ, ಇಂಜೆಕ್ಷನ್ ಎಲ್ಲ ಆಗಿದೆ. ಕಿವಿಗೆ ಹಾಕುವ ಯಂತ್ರವನ್ನು ಅವಳು ಎರಡು ವಾರದಲ್ಲೇ ಡ್ರಾಯರಿಗೆ ಸೇರಿಸಿದ್ದಾಳೆ. ಅದರಲ್ಲಿ ಹಾಡು ಕೇಳಿದರೆ ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಂತೆ.

ಟ್ಯಾಕ್ಸಿಯಲ್ಲಿ ಅವಳು ಕೇಳಿದಳು, ಕೊನೆಗೆ ಡಾಕ್ಟರು ತಲೆ ತಗ್ಗಿಸಿಕೊಂಡು ಏನೋ ಹೇಳಿದರಲ್ಲ, ಏನದು. ಚೆನ್ನಾಗಿ ಊಟ ಮಾಡಲು ಹೇಳಿದರು ಎಂದೆ. ಅವಳು ನನ್ನ ಬಾಯನ್ನೇ ನೋಡಿದಳು.

"ನಿನ್ನ ಮೀಸೆ ತೆಗ್ಸು. ಸುಳ್ಳು ಹೇಳ್ತಿದ್ದೀಯೋ ನಿಜ ಹೇಳ್ತಿದ್ದೀಯೋ ಒಂದೂ ಕಾಣಲ್ಲ."

ಮೂವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಅರಬ್ಬಿ ವ್ಯಾಕರಣ ಕಲಿಸಿದವಳು. ಜನವರಿಯಲ್ಲಿ ಕೆಲಸ ಬಿಟ್ಟಳು. ಯಾರೋ ಹಿಂದಿನ ಬೆಂಚಿನಿಂದ ಕೇಳಿದ್ದಕ್ಕೆ ಇವಳು ಸಂಬಂಧವೇ ಇಲ್ಲದ ಉತ್ತರ ಕೊಟ್ಟಳಂತೆ, ಇಡೀ ತರಗತಿಯಲ್ಲಿ ಒಬ್ಬಳೂ ನಗಲಿಲ್ಲವಂತೆ. ನಕ್ಕಿದ್ದರೆ ಬಿಡುತ್ತಿರಲಿಲ್ಲ ಎನ್ನುತ್ತಾಳೆ.

ಗುರುವಾರವಾದ್ದರಿಂದ ಸಂಜೆ ರೆಕಾರ್ಡು ಹಾಕಿದೆ. ಮದುವೆಯಾದಾಗಿನಿಂದ ಗುರುವಾರ ಸಂಜೆ ನಮ್ಮದು: ಅವಳು ಎಡಗಡೆಯ ಕುರ್ಚಿ, ಕಾಲು ಮೇಲೆ, ನಾನು ಬಲಗಡೆ. ಧ್ವನಿ ಸಾಕಾ ಎಂದು ಕೈಯಲ್ಲೇ ಕೇಳಿದೆ. ತಲೆಯಾಡಿಸಿದಳು. ಸಾಕಾಗಿರಲಿಲ್ಲ ಎಂದು ನನಗೆ ಗೊತ್ತು.

೧೭ ಮೇ, ಭಾನುವಾರ

ಹಿಲ್ಮಿಯ ಅಂಗಡಿಗೆ ಹೋಗಿದ್ದೆ. ನಲವತ್ತು ವರ್ಷದ ಗೆಳೆಯ, ಕೈರೋದಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವವರಲ್ಲಿ ಇನ್ನೂ ಉಳಿದಿರುವ ಮೂರ್ನಾಲ್ಕು ಜನರಲ್ಲಿ ಒಬ್ಬ. ಅವನಿಗೆ ಹೇಳಿಬಿಟ್ಟೆ. ಬೆಸುಗೆ ಹಾಕುತ್ತಿದ್ದವನು ಕೈ ನಿಲ್ಲಿಸಲಿಲ್ಲ, ಅದೇ ಒಳ್ಳೆಯದಾಯಿತು.

"ಕೆಳಗಿನ ಸ್ವರ ಉಳಿದಿದೆ ಅಂದ್ರೆ ದೊಡ್ಡ ಪೆಟ್ಟಿಗೆ ಬೇಕು ಮಾರಾಯ," ಎಂದ. "ನಿನ್ನ ಮನೆಲಿರೋದು ಬೆಂಕಿಪೊಟ್ಟಣ."

ಹೆಲಿಯೊಪೊಲಿಸ್ ಬಡಾವಣೆಯಲ್ಲಿ ಒಬ್ಬ ಅರ್ಮೇನಿಯನ್ ವಿಧವೆ ಇದ್ದಾಳಂತೆ, ಮದಾಮ್ ಅರ್ಪಿನೆ. ಗಂಡ ಫೋಟೋಗ್ರಾಫರ್ ಆಗಿದ್ದ. ಅವನು ೧೯೬೧ರಲ್ಲಿ ಬೈರೂತಿನ ಮೂಲಕ ಹಡಗಿನಲ್ಲಿ ತರಿಸಿದ ಇಂಗ್ಲಿಷ್ ಸ್ಪೀಕರು ಜೋಡಿ ಆ ಮನೆಯಲ್ಲಿದೆ. ಆಕೆ ಅಕ್ಟೋಬರಿನಲ್ಲಿ ಮಾಂಟ್ರಿಯಲ್‌ಗೆ, ತಮ್ಮನ ಮನೆಗೆ ಹೊರಟಿದ್ದಾಳೆ. ಸೋಫಾ, ಕನ್ನಡಿ ಎಲ್ಲ ಹೋಗಿವೆ. ಸ್ಪೀಕರು ಮಾತ್ರ ಬಂದವರು ಬಂದವರೆಲ್ಲ ಎತ್ತಲಾರದೆ ಬಿಟ್ಟುಹೋಗಿದ್ದಾರೆ.

ಮನೆಗೆ ಬರುತ್ತ ಮೆಟ್ರೋದಲ್ಲಿ ಯೋಚನೆ ಕಟ್ಟಿಕೊಂಡುಬಿಟ್ಟೆ. ಅವಳ ಕಿವಿ ಪೂರ್ತಿ ಮುಚ್ಚುವ ಮೊದಲು ಒಂದು ಸಲ ಸರಿಯಾಗಿ ಕೇಳಬೇಕು. ಒಂದು ಸಲ, ಆದರೆ ಸರಿಯಾಗಿ.

೨೧ ಮೇ, ಗುರುವಾರ

ನೋಡಿದೆ. ಕೇಳಿದೆ.

ನನ್ನ ಎದೆಯ ಮಟ್ಟಕ್ಕೆ ಬರುತ್ತವೆ. ಆಕ್ರೋಟು ಮರ, ಚಹಾ ಬಣ್ಣದ ಬಟ್ಟೆಯ ಮುಖ, ತಬ್ಬಿದರೆ ಎರಡೂ ಕೈ ಸೇರುವುದಿಲ್ಲ. ಒಳಗೆ ಸ್ವರ ಹೊರಡಿಸುವ ಹದಿನೈದು ಅಂಗುಲದ ಕೋನು. ಖಾಲಿಯಾದ ದೊಡ್ಡ ಕೋಣೆಯ ಎರಡು ಮೂಲೆಗಳಲ್ಲಿ, ಮನೆಯ ಹಿರಿಯರು ಗೋಡೆಗೆ ಬೆನ್ನು ಕೊಟ್ಟು ನಿಂತ ಹಾಗೆ ನಿಂತಿದ್ದವು. ಮದಾಮ್ ಸೆಲ್ಲೋ ಎಂಬ ದೊಡ್ಡ ಪಿಟೀಲಿನ ರೆಕಾರ್ಡೊಂದನ್ನು ಹಾಕಿದರು. ಬಿಲ್ಲು ತಂತಿಗೆ ತಾಗುವ ಮೊದಲು ನುಡಿಸುವವನು ಉಸಿರೆಳೆದುಕೊಂಡದ್ದು ಕೇಳಿಸಿತು. ಮೂವತ್ತೊಂದು ವರ್ಷ ಸ್ಟುಡಿಯೋದ ಗಾಜಿನ ಹಿಂದೆ ಕೂತು ಇದೇ ಕೆಲಸ ಮಾಡಿದ್ದೇನೆ. ನಾವು ಟೇಪಿನೊಳಗೆ ಇಟ್ಟದ್ದರಲ್ಲಿ ಅರ್ಧವನ್ನು ನಾನೇ ಕೇಳಿರಲಿಲ್ಲ ಎಂದು ಇವತ್ತು ಗೊತ್ತಾಯಿತು.

ಒಂದೇ ದೋಷ. ಎಡಗಡೆಯದರಲ್ಲಿ ಮೇಲಿನ ಸ್ವರ ಬಂದಾಗ ಕರಕರ ಎನ್ನುತ್ತದೆ. ರಿಪೇರಿಯಾದ ಮೇಲೆ ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಬೇರೆ ಯಾರಿಗೂ ಕೊಡಬೇಡಿ ಎಂದೆ. ಬೆಲೆಯ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು.

"ನಲವತ್ತೆಂಟು ವರ್ಷದಿಂದ ಅದು ಕರಕರ ಅಂತಾನೇ ಇದೆ," ಎಂದರು ಮದಾಮ್. "ನನ್ನ ಗಂಡನೂ ರಿಪೇರಿ ಮಾಡಿಸ್ತೀನಿ ಅಂತಾನೇ ಹೋದ್ರು."

ಎಂಬತ್ತರ ಹತ್ತಿರದ ಹೆಂಗಸು, ನೆಟ್ಟಗೆ ಕೂರುತ್ತಾರೆ. ಚೆರ್ರಿ ಜಾಮನ್ನು ಚಮಚದಲ್ಲಿ ಹಾಗೇ ತಿನ್ನಲು ಕೊಟ್ಟರು.

೨ ಜೂನ್, ಮಂಗಳವಾರ

ಇಸ್ಮತ್‌ಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು, ಎರಡನೆಯ ಸಲ ಜೋರಾಗಿ, ಆಗ ಅವಳು ಕಿರುಚಬೇಡ ಎಂದಳು. ಸ್ಪೀಕರಿನ ಅಗಲವನ್ನು ಕೈ ಚಾಚಿ ತೋರಿಸಿದೆ. ಆ ಕೋಣೆಯಲ್ಲಿರುವ ತನ್ನಮ್ಮನ ಗಾಜಿನ ಬೀರು ಎಲ್ಲಿಗೆ ಹೋಗಬೇಕು ಎಂದು ಕೇಳಿದಳು. ಆಮೇಲೆ, "ಬೇಗ ತಾ ಹಾಗಾದ್ರೆ," ಎಂದಳು.

ಬೇಗ ತರಲು ಅದೇನು ಕಲ್ಲಂಗಡಿಯೇ. ಇಂಥ ವಸ್ತುವಿಗೆ ಎಷ್ಟು ನಿಗಾ ಬೇಕೆಂದು ಅವಳಿಗೆ ಹೇಗೆ ತಿಳಿಯಬೇಕು. ಯಾರಿಗಾಗಿ ಮಾಡುತ್ತಿದ್ದೇನೋ ಅವಳಿಗೇ ಅದರಲ್ಲಿ ಆಸಕ್ತಿ ಕಡಿಮೆ. ಬೇಸರವಾಯಿತು, ಹೇಳಲಿಲ್ಲ.

೧೮ ಜೂನ್, ಗುರುವಾರ

ಹಿಲ್ಮಿ ಮದಾಮ್ ಮನೆಗೆ ಬಂದು ಎಡಗಡೆಯದನ್ನು ಬಿಚ್ಚಿದ. ಮೇಲಿನ ಸ್ವರಗಳನ್ನು ಬೇರ್ಪಡಿಸುವ ಸರ್ಕಿಟ್ಟಿನಲ್ಲಿ ಒಂದು ಭಾಗ ಒಣಗಿಹೋಗಿದೆ. ಅದೇ ಅಳತೆಯದು ಇಲ್ಲಿ ಸಿಗುವುದಿಲ್ಲ, ಜರ್ಮನಿಯಿಂದ ಬರಬೇಕು, ಆರೇಳು ವಾರ. ಕಾಯುತ್ತೇನೆ ಎಂದೆ.

ಅವನು ಹೋದ ಮೇಲೂ ಕೂತು ಕಾನೂನ್ ಎಂಬ ನಮ್ಮ ತಂತಿವಾದ್ಯದ ಒಂದು ರೆಕಾರ್ಡು ಕೇಳಿದೆ. ನಡುವಿನ ಸ್ವರಗಳಲ್ಲಿ ಈ ಪೆಟ್ಟಿಗೆಗಳಿಗೆ ಸಾಟಿಯಿಲ್ಲ. ಮೀಟುವ ಕಡ್ಡಿ ತಂತಿಯನ್ನು ಬಿಟ್ಟ ಕ್ಷಣ ಬೇರೆ, ತಂತಿ ಸ್ವರ ಕೊಟ್ಟ ಕ್ಷಣ ಬೇರೆ ಎಂದು ಕೇಳಿಸುತ್ತದೆ.

೯ ಜುಲೈ, ಗುರುವಾರ

ಇವತ್ತು ಕೇಳಿದ್ದು: ಸೆಲ್ಲೋ ಎರಡನೆಯ ಬದಿ, ಒಂದು ಚರ್ಚ್ ಆರ್ಗನ್ (ಅಬ್ಬಾ, ಆ ಕೆಳಗಿನ ಸ್ವರ), ಮದಾಮ್ ಬಳಿಯಿರುವ ಹಳೆಯ ದುದುಕ್ ರೆಕಾರ್ಡು. ದುದುಕ್ ಎಂದರೆ ಅರ್ಮೇನಿಯನ್ನರ ಮರದ ವಾದ್ಯ, ಏಪ್ರಿಕಾಟ್ ಮರದ್ದು. ಮದಾಮ್ ಅದನ್ನು ಕೇಳುವಾಗ ಬೇರೆ ಕಡೆ ತಿರುಗಿ ಕೂತಿದ್ದರು.

ಮನೆಗೆ ಬಂದಾಗ ಎಂಟಾಗಿತ್ತು. ಇಸ್ಮತ್ ತನ್ನ ಕುರ್ಚಿಯಲ್ಲಿ ಕೂತೇ ನಿದ್ದೆಹೋಗಿದ್ದಳು. ತಾನೇ ಒಂದು ರೆಕಾರ್ಡು ಹಾಕಿಕೊಂಡಿದ್ದಳು. ಮುಗಿದು ಎಷ್ಟು ಹೊತ್ತಾಗಿತ್ತೋ, ಮುಳ್ಳು ಕೊನೆಯ ಗೆರೆಯಲ್ಲಿ ಟಕ್ ಟಕ್ ಎಂದು ಸುತ್ತುತ್ತಲೇ ಇತ್ತು. ಮುಳ್ಳು ಸವೆಯುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೆ.

೨೩ ಜುಲೈ, ಗುರುವಾರ

ಹಿಲ್ಮಿಯ ಮೇಲೆ ಸಿಟ್ಟು ಬಂದಿದೆ. ಭಾಗ ಇನ್ನೂ ಬಂದಿಲ್ಲ. ಅದಕ್ಕಲ್ಲ. ಅವನು ಮದಾಮ್ ಎದುರಿಗೇ ಹೇಳಿದ, ಹೀಗೇ ತಗೊಂಡು ಹೋಗು, ಭಾಗ ಬಂದಾಗ ನಿನ್ನ ಮನೆಗೇ ಬಂದು ಹಾಕ್ತೀನಿ ಎಂದು. ಕರಕರ ಎನ್ನುವ ಸ್ಪೀಕರನ್ನು ಅವಳ ಮುಂದೆ ಇಡಲೇ ಎಂದೆ.

"ಆ ಕರಕರ ಇರೋದು ಮೇಲಿನ ಸ್ವರದಲ್ಲಿ ಕಣೋ," ಎಂದ. "ಇಸ್ಮತ್‌ಗೆ ಅದು ಕೇಳ್ಸೋದೇ ಇಲ್ಲ."

ನನಗೆ ಕೇಳಿಸುತ್ತದಲ್ಲ ಎಂದೆ.

ಮದಾಮ್ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದವರು, ಹಾಗಾದರೆ ನಿಮ್ಮ ಹೆಂಡತಿಯನ್ನೇ ಇಲ್ಲಿಗೆ ಕರೆದುಕೊಂಡು ಬನ್ನಿ, ಒಂದು ಗುರುವಾರ ಇಲ್ಲೇ ಕೇಳಲಿ ಎಂದರು. ಅವಳಿಗೆ ಮೆಟ್ಟಿಲು ಹತ್ತಲು ಕಷ್ಟ ಎಂದೆ. ಕಷ್ಟವೇನಿಲ್ಲ. ಯಾಕೆ ಹಾಗೆ ಹೇಳಿದೆನೋ. ಅರ್ಧಂಬರ್ಧ ಕೇಳಿಸುವುದು ಬೇಡ ಎಂದಿರಬೇಕು. ಮೊದಲ ಸಲವೇ ಪೂರ್ತಿ ಸರಿಯಾಗಿರಬೇಕು, ಎರಡನೆಯ ಸಲ ಇರುತ್ತದೋ ಇಲ್ಲವೋ.

೧೧ ಆಗಸ್ಟ್, ಮಂಗಳವಾರ

ಇಸ್ಮತ್ ಈಗ ಮಂಗಳವಾರಗಳಲ್ಲಿ ಮನೆಯಲ್ಲಿ ಇರುವುದಿಲ್ಲ. ಅಬ್ಬಾಸಿಯಾದಲ್ಲಿ ಯಾವುದೋ ಸಂಘದವರು ಬೆರಳ ಭಾಷೆ, ತುಟಿ ಓದುವುದು ಕಲಿಸುತ್ತಾರಂತೆ. ಮಾರ್ಚಿನಿಂದಲೇ ಹೋಗುತ್ತಿದ್ದಾಳಂತೆ. ಮಾರ್ಚ್ ಎಂದರೆ ಡಾಕ್ಟರು ನನಗೆ ಹೇಳುವ ಎರಡು ತಿಂಗಳ ಮೊದಲು.

ನೀನೂ ಬಾ ಎಂದು ಕರೆದಳು. ಗಂಡಂದಿರು, ಹೆಂಡತಿಯರು ಎಲ್ಲ ಬರುತ್ತಾರಂತೆ. ಅದೆಲ್ಲ ಈಗಲೇ ಯಾಕೆ, ಇನ್ನೂ ಕೇಳಿಸುತ್ತಿದೆಯಲ್ಲ ಎಂದೆ. ಅವಳು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಮುಖ ತೋರಿಸಿ ಮಾತಾಡು, ನಿಧಾನವಾಗಿ ಮಾತಾಡು, ಕೋಣೆಯಿಂದ ಕೋಣೆಗೆ ಕೂಗಬೇಡ ಎಂದೆಲ್ಲ ಪಾಠ ಮಾಡಿದಳು. ಟೀಚರಮ್ಮನ ಧ್ವನಿ. ಆ ಧ್ವನಿಯೂ ಈಗ ಸ್ವಲ್ಪ ಬದಲಾಗಿದೆ. ಕೊನೆಯ ಅಕ್ಷರಗಳು ಇಳಿಯದೆ ಮೇಲೇ ನಿಂತುಬಿಡುತ್ತವೆ. ರೆಕಾರ್ಡ್ ಮಾಡಿ ಇಡಬೇಕಿತ್ತು ಎಂದುಕೊಂಡೆ.

೨೨ ಆಗಸ್ಟ್, ಶನಿವಾರ

ರಂಜಾನಿನ ಮೊದಲ ದಿನ. ಇಫ್ತಾರಿಗೆ ಅವಳು ಮೊಲೊಖಿಯಾ ಸೊಪ್ಪಿನ ಸಾರು ಮಾಡಿದ್ದಳು. ಜರ್ಮನಿಯ ಭಾಗ ಬಂದಿದೆ. ಮೊನ್ನೆ ಹಿಲ್ಮಿ ಹಾಕಿದ. ಕರಕರ ಪೂರ್ತಿ ಹೋಯಿತು.

ಆದರೆ ಈಗ ಎಡಗಡೆಯದು ಬಲಗಡೆಯದಕ್ಕಿಂತ ಚುರುಕಾಗಿ ಕೇಳಿಸುತ್ತಿದೆ. ಹಳೆಯ ಕನ್ನಡಕದ ಒಂದೇ ಗಾಜು ಬದಲಿಸಿದ ಹಾಗೆ. ಬಲಗಡೆಯದಕ್ಕೂ ಹೊಸದೇ ಹಾಕಬೇಕು. ಹಿಲ್ಮಿ ಇನ್ನೊಂದು ತರಿಸಿಕೊಡುತ್ತೇನೆ ಎಂದ, ನನ್ನ ಮುಖ ನೋಡದೆ. ಎರಡು ವಾರ.

೫ ಸೆಪ್ಟೆಂಬರ್, ಶನಿವಾರ

ಇದನ್ನು ಬರೆಯಲೇಬೇಕು.

ಎರಡನೆಯ ಭಾಗ ಮಧ್ಯಾಹ್ನ ಬಂತು. ಮೂರು ಗಂಟೆಗೆ ಮದಾಮ್ ಮನೆಯಲ್ಲಿದ್ದೆವು. ಹಿಲ್ಮಿ ಐದಕ್ಕೆ ಮುಗಿಸಿ ಉಪವಾಸ ಬಿಡಲು ಮನೆಗೆ ಹೊರಟ, ನೀನೂ ಹೊರಡು ಎಂದ. ಒಂದೇ ಒಂದು ಬದಿ ಕೇಳಿ ಹೊರಡುತ್ತೇನೆ ಎಂದೆ. ಎರಡೂ ಪೆಟ್ಟಿಗೆಗಳು ಈಗ ಒಂದಾಗಿದ್ದವು. ಕೋಣೆಗೆ ಗೋಡೆ ಇದೆಯೋ ಇಲ್ಲವೋ ಎನ್ನುವ ಹಾಗೆ ಸ್ವರ ಹರಡಿತ್ತು. ಒಂದು ಬದಿ ಕೇಳಿದೆ, ಇನ್ನೊಂದು ಕೇಳಿದೆ. ಆಜಾನ್ ಕಿಟಕಿಯಿಂದ ಬಂತು. ಮದಾಮ್ ನೀರು ತಂದುಕೊಟ್ಟರು, ಅಲ್ಲೇ ಕುಡಿದು ಉಪವಾಸ ಬಿಟ್ಟೆ, ರೆಕಾರ್ಡು ನಡುವಿನಲ್ಲಿತ್ತು, ಮುಗಿಯುವವರೆಗೂ ಕೂತೆ.

ನಮ್ಮ ಶುಬ್ರಾಕ್ಕೆ ಬಂದಾಗ ಏಳೂವರೆ ದಾಟಿತ್ತು. ನಮ್ಮ ಬೀದಿಯಲ್ಲಿ ಕರೆಂಟು ಇರಲಿಲ್ಲ. ಬಾಗಿಲು ತೆರೆದರೆ ಇಸ್ಮತ್ ಕತ್ತಲಲ್ಲಿ ಊಟದ ಮೇಜಿನ ಮುಂದೆ ಕೂತಿದ್ದಳು. ಸಾರು ಕೆನೆಗಟ್ಟಿತ್ತು. ಅವಳ ಬೆರಳುಗಳ ನಡುವೆ ಒಂದು ಖರ್ಜೂರ ಇತ್ತು. ತಿಂದಿರಲಿಲ್ಲ.

ಯಾಕೆ ತಿಂದಿಲ್ಲ ಎಂದೆ. ಕತ್ತಲಲ್ಲಿ ನನ್ನ ತುಟಿ ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು. ಮೋಂಬತ್ತಿ ಹಚ್ಚಿ, ಮುಖದ ಹತ್ತಿರ ಹಿಡಿದು ಮತ್ತೆ ಕೇಳಿದೆ.

"ಆಜಾನ್ ಇನ್ನೂ ಕೂಗ್ಲಿಲ್ಲವಲ್ಲ," ಎಂದಳು.

ಅವಳ ಕೈಯಲ್ಲಿ ಗಡಿಯಾರ ಇತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

"ಗಂಟೆ ನಂಗೂ ಕಾಣುತ್ತೆ. ಬೆಳಿಗ್ಗೆದು ಕೇಳ್ಸಿತ್ತು ಕಣೋ, ದೂರದಲ್ಲಿ ಯಾರೋ ಗೊಣಗಿದ ಹಾಗೆ. ಸಂಜೇದೂ ಕೇಳುತ್ತೆ ಅಂತ ಕಾಯ್ತಾ ಇದ್ದೆ."

ಕರೆಂಟು ಇಲ್ಲದ್ದರಿಂದ ಮಸೀದಿಯ ಧ್ವನಿವರ್ಧಕವೂ ನಿಂತಿರಬೇಕು, ಅದಕ್ಕೇ ಕೇಳಿಸಿಲ್ಲ ಎಂದು ಮೋಂಬತ್ತಿ ಹಿಡಿದುಕೊಂಡು ಬಿಡಿಸಿ ಬಿಡಿಸಿ ಹೇಳಿದೆ. ಹೌದೇನೋ ಎಂದಳು. ಖರ್ಜೂರ ಬಾಯಿಗೆ ಹಾಕಿಕೊಂಡಳು. ತುಂಬ ಹೊತ್ತು ಅಗಿದಳು.

ನಾನು ಎಲ್ಲಿದ್ದೆ ಎಂದು ಕೇಳಲಿಲ್ಲ.

೬ ಸೆಪ್ಟೆಂಬರ್, ಭಾನುವಾರ

ಮಧ್ಯಾಹ್ನದ ಆಜಾನ್. ಕರೆಂಟು ಇತ್ತು. ಕಿಟಕಿ ತೆರೆದಿಟ್ಟು ಅವಳ ಮುಖವನ್ನೇ ನೋಡುತ್ತ ಕೂತಿದ್ದೆ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು. ಶುರುವಾಯಿತು, ಮುಗಿಯಿತು. ಯಾವಾಗ ಶುರುವಾಗುತ್ತದೆ ಎಂದು ಅವಳು ಕೇಳಿದಳು.

೯ ಸೆಪ್ಟೆಂಬರ್, ಬುಧವಾರ

ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮೇ ತಿಂಗಳ ಗೆರೆ ಎಡಗಡೆ, ದಪ್ಪ ಸ್ವರಗಳಿರುವಲ್ಲಿ, ಎತ್ತರದಲ್ಲಿ ಶುರುವಾಗಿ ಇಳಿಯುತ್ತದೆ. ಇವತ್ತಿನ ಗೆರೆ ತಳದಲ್ಲೇ ಇದೆ. ಮರಳಿ ಬರುವುದಿಲ್ಲ.

ಮೇ, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರರವರೆಗೆ. ಹದಿನಾರು ಗುರುವಾರ. ಅವಳಿಗೆ ಕೇಳಿಸುತ್ತಿದ್ದ ಕೊನೆಯ ಹದಿನಾರು ಗುರುವಾರಗಳನ್ನು ನಾನು ಇನ್ನೊಬ್ಬರ ಮನೆಯಲ್ಲಿ ಕೂತು ಕೇಳಿದೆ.

೧೦ ಸೆಪ್ಟೆಂಬರ್, ಗುರುವಾರ

ಸ್ಪೀಕರು ಬೇಡ, ಮದಾಮ್‌ಗೆ ಹೇಳಿಬಿಡುತ್ತೇನೆ ಎಂದು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ತೋರಿಸಿದೆ. ಇಸ್ಮತ್ ಓದಿ ಹಾಳೆಯನ್ನು ನಾಲ್ಕಾಗಿ ಮಡಿಸಿದಳು. ಇತ್ತೀಚೆಗೆ ಅವಳ ಮಾತು ಒಮ್ಮೆ ಪಿಸುಗುಟ್ಟಿದ ಹಾಗೆ, ಒಮ್ಮೆ ಬೀದಿಗೆ ಕೇಳಿಸುವ ಹಾಗೆ ಬರುತ್ತದೆ. ಇದು ಬೀದಿಗೆ ಕೇಳಿಸಿತು.

"ನಾಲ್ಕು ತಿಂಗಳು ಆ ಹೆಂಗಸಿನ ಮನೆಲಿ ಏನು ಕೇಳ್ದೆ ಅಂತ ನಾನೂ ನೋಡ್ಬೇಕು. ತಾ."

೧೫ ಸೆಪ್ಟೆಂಬರ್, ಮಂಗಳವಾರ

ತಂದದ್ದಾಯಿತು. ನಾಲ್ಕು ಜನ ಹಮಾಲರು, ನಾಲ್ವರೂ ಉಪವಾಸ. ಲಿಫ್ಟಿನಲ್ಲಿ ಹಿಡಿಯಲಿಲ್ಲ. ಹಗ್ಗ ಕಟ್ಟಿ, ಕಂಬಳಿ ಸುತ್ತಿ, ನಾಲ್ಕು ಅಂತಸ್ತು ಹೊತ್ತರು. ಮೂರನೆಯ ತಿರುವಿನಲ್ಲಿ ಸಿಕ್ಕಿಕೊಂಡು ಮೆಟ್ಟಿಲ ಕಂಬಿ ಬಿಚ್ಚಬೇಕಾಯಿತು. ಕಟ್ಟಡದ ಕಾವಲುಗಾರ ಕೆಳಗಿನಿಂದ ನೋಡುತ್ತ, "ಒಳಗೆ ಯಾರನ್ನ ಮಲಗಿಸಿದ್ದೀರಿ ಉಸ್ತಾದ್, ಇಷ್ಟು ಭಾರ?" ಎಂದ. ಹಮಾಲರು ನಕ್ಕರು. ನಾನೂ ನಗಬೇಕಿತ್ತು.

ಮದಾಮ್ ತಮ್ಮ ಬಾಗಿಲಲ್ಲಿ ನಿಂತು ಬೀಳ್ಕೊಟ್ಟರು. ಸೆಲ್ಲೋ ರೆಕಾರ್ಡನ್ನು ನನ್ನ ಕೈಗಿಟ್ಟರು. ಇಸ್ಮತ್‌ಗೆ ಈಗ ಕೇಳಿಸುವುದಿಲ್ಲ ಎಂದು ನಾನು ಹೇಳಿರಲಿಲ್ಲ, ಹಿಲ್ಮಿ ಹೇಳಿದ್ದಿರಬೇಕು. ನನ್ನ ತೋಳು ಹಿಡಿದುಕೊಂಡು ನಿಂತು, ಒಳಗೆ ಹೋಗಿ ಜಾಮಿನ ಬಾಟಲಿ ತಂದುಕೊಟ್ಟರು.

ಅತ್ತೆಯ ಗಾಜಿನ ಬೀರು ಪಕ್ಕದ ಮನೆಗೆ ಹೋಯಿತು. ಅದು ಹೋಗುವಾಗ ಇಸ್ಮತ್ ಅಡುಗೆಮನೆಯಲ್ಲಿದ್ದಳು.

೨೧ ಸೆಪ್ಟೆಂಬರ್, ಸೋಮವಾರ

ಹಬ್ಬದ ಎರಡನೆಯ ದಿನ. ಬಂದುಹೋಗುವವರೆಲ್ಲ ಮುಗಿದ ಮೇಲೆ ಇಸ್ಮತ್ ತಾನಾಗಿಯೇ ಬಂದು ತನ್ನ ಕುರ್ಚಿಯಲ್ಲಿ ಕೂತು ಹಾಕು ಎಂದಳು.

ಸೆಲ್ಲೋ ಹಾಕಿದೆ. ಮೊದಲ ಒಂದು ನಿಮಿಷ ಅವಳನ್ನು ನೋಡುತ್ತಿದ್ದೆ. ಆಮೇಲೆ, ಸುಳ್ಳು ಯಾಕೆ ಬರೆಯಲಿ, ಕಣ್ಣು ಮುಚ್ಚಿಕೊಂಡೆ. ಆ ಕೋಣೆಯಲ್ಲಿ ಕೇಳಿದ್ದಕ್ಕಿಂತ ನಮ್ಮ ಕೋಣೆಯಲ್ಲಿ ಇನ್ನೂ ಚೆನ್ನಾಗಿತ್ತು. ಎಷ್ಟು ಹೊತ್ತಾಯಿತೋ. ಬದಿ ಮುಗಿದು ಕಣ್ಣು ಬಿಟ್ಟರೆ ಅವಳು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕೂತು ನನ್ನನ್ನು ನೋಡುತ್ತಿದ್ದಳು.

"ಮುಗೀತಾ?" ಎಂದಳು.

ತಲೆಯಾಡಿಸಿದೆ.

"ನೀನು ಕೇಳುವಾಗ ನಿನ್ನ ಮುಖ ಎಲ್ಲಿಗೋ ಹೋಗುತ್ತೆ. ಮೊದ್ಲೂ ಹೋಗ್ತಿತ್ತೇನೋ. ಆಗ ನಾನೂ ಜೊತೇಲಿ ಬರ್ತಿದ್ದೆ, ನಂಗೆ ಗೊತ್ತಾಗ್ತಿರ್ಲಿಲ್ಲ."

ಎದ್ದು ಹೋಗಿ ಹಬ್ಬದ ಬಿಸ್ಕತ್ತಿನ ತಟ್ಟೆ ತೊಳೆದಳು. ನಾನು ಅಲ್ಲೇ ಕೂತಿದ್ದೆ. ಸ್ವಿಚ್ಚು ಆರಿಸಿದ ಮೇಲೆ ಕೋಣೆಯಲ್ಲಿ ಇದ್ದ ನಿಶ್ಶಬ್ದ ಅವಳದಲ್ಲ, ನನ್ನದು. ಅವಳದು ಹೇಗಿರುತ್ತದೆ ಎಂದು ನನಗೆ ಯಾವತ್ತೂ ತಿಳಿಯುವುದಿಲ್ಲ.

೧ ಅಕ್ಟೋಬರ್, ಗುರುವಾರ

ಹಾಕಿಲ್ಲ. ಎರಡಕ್ಕೂ ಹಾಸಿಗೆ ಬಟ್ಟೆ ಹೊದಿಸಿದ್ದೇನೆ. ಬೆಳಿಗ್ಗೆ ಎದ್ದು ಆ ಕೋಣೆಗೆ ಹೋದರೆ ಯಾರೋ ಬಂದು ನಿಂತ ಹಾಗೆ ಕಾಣುತ್ತವೆ.

೬ ಅಕ್ಟೋಬರ್, ಮಂಗಳವಾರ

ಏನೂ ಇಲ್ಲ. ಮದಾಮ್ ಮಾಂಟ್ರಿಯಲ್‌ಗೆ ಹೋದರೆಂದು ಹಿಲ್ಮಿ ಹೇಳಿದ. ಸ್ಪೀಕರು ಮಾರಿಬಿಡು, ಗಿರಾಕಿ ಇದ್ದಾನೆ ಎಂದೂ ಹೇಳಿದ. ಇಸ್ಮತ್‌ಗೆ ಬರೆದು ತೋರಿಸಿದೆ. ಬೇಡ ಎಂದು ಬೆರಳಾಡಿಸಿದಳು. ಯಾಕೆ ಎಂದರೆ ಹೇಳಲಿಲ್ಲ. ಶಿಕ್ಷೆಗೆ ಇಟ್ಟುಕೊಂಡಿರಬಹುದು. ಇದ್ದರೆ ಇರಲಿ.

೧೩ ಅಕ್ಟೋಬರ್, ಮಂಗಳವಾರ

ಅಬ್ಬಾಸಿಯಾಕ್ಕೆ ಹೋಗಿದ್ದೆ, ಅವಳ ಜೊತೆ. ಹೋಗುವ ಮೊದಲು ಮೀಸೆ ತೆಗೆದೆ. ಮೂವತ್ತೆಂಟು ವರ್ಷದ್ದು.

ಹನ್ನೆರಡು ಜನ ಒಂದು ಉದ್ದ ಮೇಜಿನ ಸುತ್ತ. ನನ್ನ ಬೆರಳು ಬಗ್ಗುವುದಿಲ್ಲ. ನೀರು ಎಂದು ತೋರಿಸಲು ಹೋಗಿ ಬೇರೇನೋ ತೋರಿಸಿದೆ, ಎದುರಿಗಿದ್ದ ಹುಡುಗಿ ಮೇಜಿಗೆ ಹಣೆ ಹಚ್ಚಿಕೊಂಡು ನಕ್ಕಳು, ಅವಳ ಭುಜಗಳು ಕುಣಿಯುತ್ತಿದ್ದವು. ಇಸ್ಮತ್ ಏನು ತೋರಿಸಿದೆನೆಂದು ಹೇಳಲೇ ಇಲ್ಲ. ಅವಳ ಕೈ ಅಲ್ಲಿ ಬೇರೆಯೇ. ಕೂತವರಲ್ಲಿ ಎಲ್ಲರಿಗಿಂತ ವೇಗ. ತಪ್ಪು ಮಾಡಿದವರ ಮಣಿಕಟ್ಟು ಹಿಡಿದು ತಿದ್ದುತ್ತಾಳೆ, ವ್ಯಾಕರಣ ತಿದ್ದಿದ ಹಾಗೆ. ಬಲಗೈಯ ತೋರುಬೆರಳಿನಲ್ಲಿ ಸೀಮೆಸುಣ್ಣ ಹಿಡಿದು ಹಿಡಿದು ಆದ ಒಂದು ಗಂಟು ಇದೆ. ಅದನ್ನು ಇಷ್ಟು ವರ್ಷ ನೋಡಿರಲಿಲ್ಲವೇ ಎಂದುಕೊಂಡೆ.

೨೯ ಅಕ್ಟೋಬರ್, ಗುರುವಾರ

ಅವಳ ಜೊತೆ ಮಾತಾಡಲು ಈ ಪುಸ್ತಕದ ಹಿಂದಿನ ಹಾಳೆಗಳನ್ನೇ ಹರಿಯುತ್ತಿದ್ದೇನೆ. ಎರಡೂ ಕಡೆಯಿಂದ ತೆಳುವಾಗುತ್ತಿದೆ.

ಇವತ್ತು ಅತ್ತಳು. ಕಾರಣ ಏನಿಲ್ಲ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದಳು. ಅಳುವಾಗ ಅವಳ ಬಲಹುಬ್ಬು ಮಾತ್ರ ಮೇಲೇರುತ್ತದೆ. ಹೋಗಿ ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ. ಏನು ಮಾಡಬೇಕೆಂದು ತೋಚಲಿಲ್ಲ. ಬಕೆಟ್ಟು ಖಾಲಿಯಾಗುವವರೆಗೆ ಇಬ್ಬರೂ ಹಾಕಿದೆವು. ಏನೂ ಸರಿಹೋಗಿಲ್ಲ. ಹೋಗುವುದೂ ಇಲ್ಲ.

೧೯ ನವೆಂಬರ್, ಗುರುವಾರ

ಬೀನ್ಸ್ ಬಿಡಿಸುತ್ತಿದ್ದ ಇಸ್ಮತ್ ಸಂಜೆ ನಾಲ್ಕರ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಹೋಗು, ಕೇಳು ಎಂದಳು. ನಾನು ಬೇಡ ಎಂದೆ. ಎರಡು ತಿಂಗಳಾಯಿತು, ನೀನು ಉಪವಾಸ ಬಿದ್ದವನ ಹಾಗೆ ಕಾಣುತ್ತಿದ್ದೀಯ, ಬಾಗಿಲು ಹಾಕಿಕೊಂಡು ಕೇಳು, ನನಗೆ ನಿನ್ನ ಮುಖ ಕಾಣುವುದಿಲ್ಲ, ಇಬ್ಬರಿಗೂ ಒಳ್ಳೆಯದು ಎಂದು ಕೈಯಲ್ಲೂ ಬಾಯಲ್ಲೂ ಸೇರಿಸಿ ಹೇಳಿದಳು. ನನ್ನನ್ನು ಹಿಂದಿನಿಂದ ತಳ್ಳಿಕೊಂಡು ಕೋಣೆಯವರೆಗೂ ಬಂದಳು.

ಬಾಗಿಲು ಹಾಕಿಕೊಂಡೆ. ಹೊದಿಕೆಯನ್ನೂ ತೆಗೆಯಲಿಲ್ಲ. ಅವಳ ಕುರ್ಚಿಯಲ್ಲಿ ಕೂತು ಗೋಡೆ ನೋಡಿದೆ. ಬೀರು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆ. ಅರ್ಧ ಗಂಟೆ ಕಳೆದ ಮೇಲೆ, ಕೇಳಿ ಮುಗಿಸಿದವನ ಹಾಗೆ ಹೊರಗೆ ಬಂದೆ.

ಅವಳು ಅಡುಗೆಮನೆಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದಳು. ನವೆಂಬರಿನ ನೆಲ, ತಣ್ಣಗಿರುತ್ತದೆ. ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು ಎಂದು ಬೆರಳಿನಲ್ಲಿ ತೋರಿಸಿದೆ. ಅದೊಂದು ನನಗೆ ಸರಿಯಾಗಿ ಬರುತ್ತದೆ.

"ನೆಲ ಸುಮ್ನೆ ಇತ್ತು," ಎಂದಳು.

ಅರ್ಥವಾಗಲಿಲ್ಲ. ಅವಳು ಕಾಲು ತೋರಿಸಿದಳು.

"ಹಬ್ಬದ ದಿನ ಹಾಕಿದ್ಯಲ್ಲ, ಆಗ ಮುಗಿಯೋವರೆಗೂ ಅಂಗಾಲಲ್ಲಿ ಇತ್ತು. ಇವತ್ತು ಏನೂ ಬರ್ಲಿಲ್ಲ. ಮೀಸೆ ತೆಗೆದ್ರೂ ಸುಳ್ಳು ಹೇಳೋದು ಬಿಡ್ಲಿಲ್ಲ ನೀನು."

ಅವಳೇ ಮುಂದೆ ಹೋಗಿ ಹೊದಿಕೆ ಎಳೆದು ಹಾಕಿದಳು, ಸ್ವಿಚ್ಚು ಒತ್ತಿದಳು, ಕೈಗೆ ಸಿಕ್ಕ ರೆಕಾರ್ಡು ಇಟ್ಟಳು. ಧ್ವನಿ ಎಷ್ಟು ಇಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದಾಗ ನಾನು ಹೋಗಿ ಕ್ಷಮೆ ಕೇಳಿ ಬಂದೆ. ಬರುವಷ್ಟರಲ್ಲಿ ಅವಳು ನೆಲದ ಮೇಲೆ ಕೂತು ಅಂಗೈ ಎರಡನ್ನೂ ಕಲ್ಲಿಗೆ ಊರಿದ್ದಳು. ಎದುರಿಗೆ ಹೋಗಿ ಕೂತೆ. ಮಂಡಿ ನೋವಿತ್ತು.

ಕೇಳಿಸುತ್ತಿದೆಯಾ ಎಂದು ತುಟಿ ಬಿಡಿಸಿ ಕೇಳಿದೆ. ಆಸೆ ಎನ್ನುವುದು ಎಂಥ ನಾಚಿಕೆಗೆಟ್ಟದ್ದು.

ಇಲ್ಲ ಎಂದು ತಲೆಯಾಡಿಸಿದಳು.

"ಇದು ಹಾಡಲ್ಲ. ನಮ್ಮ ರಸ್ತೆ ಕೆಳಗೆ ಮೆಟ್ರೋ ಹೋದ ಹಾಗೆ, ಅಷ್ಟೇ. ಹಾಡು ಹೋಯ್ತು." ಆಮೇಲೆ ಇನ್ನೂ ಸಣ್ಣಗೆ, ಪಕ್ಕದಲ್ಲಿ ಇದ್ದವರಿಗೂ ಕೇಳಿಸದಷ್ಟು ಸಣ್ಣಗೆ ಹೇಳಿದಳು. ನಾನು ಅವಳ ತುಟಿ ನೋಡಿ ತಿಳಿದುಕೊಂಡೆ. "ಆದ್ರೂ ಹಾಕ್ತಾ ಇರು. ನೀನು ಮನೇಲಿದ್ದೀಯ ಅಂತ ಗೊತ್ತಾಗುತ್ತೆ."

ಬದಿ ಮುಗಿಯುವವರೆಗೆ ಹಾಗೇ ಕೂತಿದ್ದೆವು. ಅವಳ ಎಡಕೆನ್ನೆಯ ಮೇಲೆ ಬೀನ್ಸಿನ ಸಿಪ್ಪೆಯ ಚೂರೊಂದು ಅಂಟಿತ್ತು. ಕೂದಲು ಕಿವಿಯ ಮೇಲೆ ಬಿದ್ದಿತ್ತು, ಎರಡು ಸಲ ಹಿಂದೆ ಸರಿಸಿಕೊಂಡಳು. ಕಿಟಕಿಯ ಬೆಳಕು ಅವಳ ಮಂಡಿಯಿಂದ ಇಳಿದು ನೆಲಕ್ಕೆ ಬಂದು, ಗೋಡೆಯವರೆಗೆ ಹೋಗಿ, ಆರಿತು. ಅವಳು ಅಂಗೈ ತೆಗೆದಾಗ ಮುಗಿಯಿತೆಂದು ತಿಳಿದು ನಾನು ಎದ್ದೆ.

ಯಾವ ರೆಕಾರ್ಡಾಗಿತ್ತೆಂದು ಬರೆದಿಡೋಣವೆಂದರೆ ನೆನಪಾಗುತ್ತಿಲ್ಲ.